ಕಂದು ಹೆಬ್ಬಾತಿನ ಗೂಡಿನಲ್ಲಿ ಹಳದಿ ಮರಿ

ಮೂರು ವರ್ಷಗಳ ಹಿಂದೆ ಹಾವೇರಿಯ ಸಂತೆಯಿಂದ ತಂದ ನನ್ನ ಹೆಬ್ಬಾತಿನ ಜೋಡಿ ನೋಡಲು ಅಪ್ಪಟ ಕಂದು. ಕೊಕ್ಕೂ ಅದರ ಬುಡದ ಗುಬುಟೂ ಕಪ್ಪು, ನೆತ್ತಿಯಿಂದ ಕುತ್ತಿಗೆಯ ಹಿಂಬದಿಗೆ ಇಳಿದ ಗಾಢ ಪಟ್ಟೆ. ಮರುವರ್ಷ ಹೆಣ್ಣು ಕಾವಿಗೆ ಕೂತು ಮೂವತ್ತನೆಯ ದಿನಕ್ಕೆ ಆರು ಮರಿಗಳು ಹೊರಬಂದವು. ಐದರ ಮೈಮೇಲೆ ಮಾಸಲು ಕಂದು ನವಿರು, ಆರನೆಯದು ಮಾತ್ರ ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಇಂಥ ಹಳದಿ ಮರಿ ಬೆಳೆದಾಗ ಬಿಳಿಯಾಗುತ್ತದೆ. "ಯಾವುದೋ ಬಿಳಿ ಗಂಡು ಹಿತ್ತಲಕ್ಕ ಬಂದಿರಬೇಕ್ರಿ" ಎಂದರು ನೆರೆಮನೆಯ ಹಿರಿಯರು. ನಮ್ಮ ಓಣಿಯಲ್ಲಿ ಬೇರೆ ಹೆಬ್ಬಾತೇ ಇಲ್ಲ. ಬಂದಿದ್ದರೂ, ತಾಯಿ ತನ್ನೊಳಗೆ ಬಿಳುಪನ್ನು ಹೊತ್ತಿರದಿದ್ದರೆ ಆ ಮರಿ ಹುಟ್ಟುತ್ತಿರಲಿಲ್ಲ.

ನಾವು ಸಾಕುವ ಗುಬುಟಿನ ಹೆಬ್ಬಾತುಗಳು ಚೀನಾ ತಳಿಯವು. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನಿಂದ ಬಂದ ತಳಿ ಇದಲ್ಲ. ಈ ತಳಿಯಲ್ಲಿ ಬಿಳುಪು ಒಂದೇ ವಂಶವಾಹಿಯ ದುರ್ಬಲ ಗುಣವಾದ್ದರಿಂದ, ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳು ಸೇರಿದಾಗ ಮಾತ್ರ ಅದು ಗರಿಯಲ್ಲಿ ಕಾಣುತ್ತದೆ. ಒಂದೇ ಇದ್ದರೆ ಕಂದು ಬಣ್ಣದ ಹಿಂದೆ ಸುಮ್ಮನೆ ಅಡಗಿರುತ್ತದೆ. ಹಾಗೆ ಅಡಗಿಸಿಕೊಂಡ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಬಿಳಿ. ಉಳಿದ ಕಂದು ಮರಿಗಳಲ್ಲಿ ಮೂರಕ್ಕೆ ಎರಡು ಪಾಲು ಮತ್ತೆ ಅದನ್ನೇ ಹೊತ್ತು ಬೆಳೆಯುತ್ತವೆ. (ಅಮೆರಿಕದ ಪಿಲ್‌ಗ್ರಿಮ್ ತಳಿಯ ಲೆಕ್ಕ ಬೇರೆ; ಅಲ್ಲಿ ಬಣ್ಣ ಲಿಂಗಕ್ಕೆ ಅಂಟಿಕೊಂಡಿದೆ, ಗಂಡು ಬಿಳಿ, ಹೆಣ್ಣು ಬೂದು.)

ಆದ್ದರಿಂದ ಬರೀ ಗರಿ ನೋಡಿ "ಶುದ್ಧ ಕಂದು" ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ಆ ಐದರಲ್ಲಿ ಒಂದು ಗಂಡನ್ನು ಈ ಹಂಗಾಮಿನಲ್ಲಿ ಬಿಳಿ ಹೆಣ್ಣಿನ ಜೊತೆ ಬಿಟ್ಟಿದ್ದೇನೆ. ಹಿಂದಿನ ಗಂಡಿನ ವೀರ್ಯ ಹೆಣ್ಣಿನೊಳಗೆ ಕೆಲ ದಿನ ಉಳಿಯುವುದರಿಂದ, ಮೊದಲು ಆಕೆಯನ್ನು ಒಂದು ತಿಂಗಳು ಒಂಟಿಯಾಗಿ ಇರಿಸಿದ್ದೆ. ಅವಸರಪಟ್ಟು ಈ ಹೆಜ್ಜೆಯನ್ನು ಬಿಟ್ಟರೆ ಬರೆದಿಟ್ಟ ಲೆಕ್ಕವೆಲ್ಲ ವ್ಯರ್ಥ. ಒಂದೇ ಒಂದು ಹಳದಿ ಮರಿ ಬಂದರೂ ಗಂಡು ಬಿಳುಪನ್ನು ಹೊತ್ತಿದೆ ಎಂದು ತೀರ್ಮಾನವಾಗುತ್ತದೆ. ಬರದಿದ್ದರೆ ತೀರ್ಮಾನ ಅಷ್ಟು ಸುಲಭವಲ್ಲ. ಈ ಹೊಸ ಜೋಡಿಗೆ ಮೊದಲ ಸಲ ಹುಟ್ಟಿದ ಐದು ಮರಿಗಳೂ ಕಂದು; ಬಿಳುಪು ಹೊತ್ತ ಗಂಡಿಗೂ ಪ್ರತಿ ಮರಿ ಕಂದಾಗುವ ಸಾಧ್ಯತೆ ಅರ್ಧದಷ್ಟು ಇರುವುದರಿಂದ, 32ರಲ್ಲಿ 1 ಸಲ ಹೀಗಾಗಬಹುದು.

ಪ್ರತಿ ತತ್ತಿಯ ಮೇಲೆ ಪೆನ್ಸಿಲಿನಿಂದ ತಾರೀಖು, ಜೋಡಿಯ ಸಂಖ್ಯೆ ಬರೆದು, ಅದನ್ನೇ ವಹಿಯಲ್ಲೂ ಇಳಿಸುತ್ತೇನೆ. ಈಗ ಅದೇ ಜೋಡಿಯ ಇನ್ನೂ ಏಳು ತತ್ತಿಗಳು ಕಾವಿನಲ್ಲಿವೆ; ಇಂದಿಗೆ ಹತ್ತೊಂಬತ್ತು ದಿನ.