ಮರ್ಮರ್: ಚುಕ್ಕೆಗಳೇ ಜಾಸ್ತಿ ಇರುವ ನನ್ನ ನೋಟ್‌ಬುಕ್

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಅದರ ನಾಲ್ಕು ಪುಟಗಳಲ್ಲಿ ಪದಗಳಿಗಿಂತ ಚುಕ್ಕೆಗಳೇ ಜಾಸ್ತಿ. ಆರ್.ಇ.ಎಂ. ಅನ್ನುವ ಅಮೆರಿಕದ ರಾಕ್ ತಂಡದ ಮೊದಲ ಆಲ್ಬಮ್ 'ಮರ್ಮರ್' ಕೇಳುತ್ತಾ, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಹಾಡುವವನು ಏನು ಹೇಳುತ್ತಿದ್ದಾನೆ ಅಂತ ಬರೆದುಕೊಳ್ಳಲು ಹೋಗಿ ಸೋತ ಪುಟಗಳವು. ಒಂದು ಸಾಲಿನಲ್ಲಿ ಎರಡು ಪದ ಸಿಕ್ಕರೆ ಅದೇ ದೊಡ್ಡದು. ಮಿಕ್ಕಿದ್ದೆಲ್ಲ ಚುಕ್ಕೆ.

ನನ್ನ ಇಂಗ್ಲಿಷೇ ಸರಿಯಿಲ್ಲ ಅಂದುಕೊಂಡಿದ್ದೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿದವರಿಗೆ ಈ ಅಳುಕು ಇದ್ದೇ ಇರುತ್ತದೆ ಅಲ್ವಾ, ಏನೇ ಅರ್ಥವಾಗದಿದ್ದರೂ ತಪ್ಪು ನಮ್ಮದೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಆಮೇಲೆ ಗೊತ್ತಾಯಿತು, ಅಮೆರಿಕದವರಿಗೂ ಇದೇ ಪಾಡು. ಆಲ್ಬಮ್ ಬಂದದ್ದು 1983ರ ಏಪ್ರಿಲ್‌ನಲ್ಲಿ. ಆಗಿನಿಂದ ಅಲ್ಲಿನವರೂ ಹೀಗೇ ಕಿವಿಗೊಟ್ಟು ಕೂತು ತಲೆ ಕೆಡಿಸಿಕೊಂಡಿದ್ದಾರೆ. ಕವರ್ ಒಳಗೆ ಹಾಡಿನ ಸಾಲುಗಳನ್ನು ಅಚ್ಚು ಹಾಕಿಸಿ ಇಡುವ ಪದ್ಧತಿಯನ್ನು ತಂಡದವರು ಪಾಲಿಸಲೇ ಇಲ್ಲ. ಹೆಸರು ಬೇರೆ ಮರ್ಮರ್, ಅಂದರೆ ಗೊಣಗಾಟ. ಮೊದಲೇ ಹೇಳಿದ್ದಾರಲ್ಲ, ನನಗೇ ಹೊಳೆಯಲಿಲ್ಲ!

ನಾಲ್ಕು ಜನರ ತಂಡ, ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಕಾಲೇಜು ಊರಿನದು. ಹಾಡುತ್ತಿದ್ದದ್ದು ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರ್ರಿ. ಬಕ್ ಆ ಊರಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಸ್ಟೈಪ್ ಅಲ್ಲಿಗೆ ಬರುತ್ತಿದ್ದ ಗಿರಾಕಿ. 1980ರಲ್ಲಿ ಒಂದು ಹಳೇ ಚರ್ಚಿನಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಆಮೇಲೆ ಊರೂರು ಅಲೆದಾಟ, ಒಂದು ಸಿಂಗಲ್, ಐದು ಹಾಡಿನ ಒಂದು ಇಪಿ, ಅಂದರೆ ಪುಟ್ಟ ಆಲ್ಬಮ್. ಇಷ್ಟು ಸಾಕು, ಇದೆಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ.

ನನಗೆ ಇಷ್ಟವಾಗುವುದು ರೆಕಾರ್ಡಿಂಗ್ ಕತೆ. ಐ.ಆರ್.ಎಸ್. ಅನ್ನುವ ಅವರ ರೆಕಾರ್ಡ್ ಕಂಪನಿ ಮೊದಲು ಅವರನ್ನು ಬೇರೊಬ್ಬ ನಿರ್ಮಾಪಕನ ಹತ್ತಿರ ಕಳಿಸಿತ್ತು. ಆತನಿಗೆ ಎಲ್ಲವೂ ಗಡಿಯಾರದ ಹಾಗೆ ಕರಾರುವಾಕ್ಕಾಗಿರಬೇಕು. 'ಕ್ಯಾಟಪಲ್ಟ್' ಅನ್ನುವ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ, ನುಡಿಸಿ, ಹುಡುಗರಿಗೆ ಸಾಕುಬೇಕಾಯಿತು. ಅಷ್ಟು ಸಾಲದು ಅಂತ ಆತ ಟೇಪ್ ತಗೊಂಡು ಹೋಗಿ, ಇವರನ್ನು ಕೇಳದೆಯೇ, ಮೇಲೊಂದಿಷ್ಟು ಕೀಬೋರ್ಡ್ ಬೇರೆ ಸೇರಿಸಿದ. ಆವತ್ತಿಗೆ ರೇಡಿಯೋ ತುಂಬ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್, ಇದ್ದ ಕಾಲ, ಆತನ ಲೆಕ್ಕವೂ ಪೂರ್ತಿ ತಪ್ಪೇನಲ್ಲ. ಆದರೆ ಇವರು ಬಗ್ಗಲಿಲ್ಲ. ಇಪಿ ಮಾಡಿಕೊಟ್ಟಿದ್ದ ಮಿಚ್ ಈಸ್ಟರ್ ಹತ್ತಿರವೇ ಹೋಗುತ್ತೇವೆ ಅಂದರು. ಈಸ್ಟರ್ ಅಂದರೆ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಸ್ಟುಡಿಯೋ ಕಟ್ಟಿಕೊಂಡಿದ್ದವನು. ಅವನು, ಅವನ ಜೊತೆ ಇನ್ನೊಬ್ಬ ನಿರ್ಮಾಪಕ ಡಾನ್ ಡಿಕ್ಸನ್, ಉತ್ತರ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ ಒಂದು ಸ್ಟುಡಿಯೋ. 1983ರ ಮೊದಲ ಎರಡು ತಿಂಗಳಲ್ಲಿ ಕೆಲಸ ಮುಗಿಯಿತು.

ಗಿಟಾರ್ ಸೋಲೋ ಬೇಡ, ಸಿಂಥಸೈಜರ್ ಬೇಡ ಅಂತ ಮೊದಲೇ ತೀರ್ಮಾನ. ಹಾಗಂತ ಸುಮ್ನೆ ನುಡಿಸಿ ಟೇಪ್ ಮಾಡಿಕೊಂಡು ಹೋದರು ಅಂತೇನಲ್ಲ. 'ಪರ್ಫೆಕ್ಟ್ ಸರ್ಕಲ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಪಿಯಾನೋ ಒಂದೇ ಅನ್ನಿಸುತ್ತದೆ, ಆದರೆ ಏನೋ ಒಂಥರ ಅಂಚು ಕಲಸಿದ ಹಾಗೆ ಇದೆ. ಯಾಕೆ ಅಂದರೆ ಅಲ್ಲಿ ಎರಡು ಪಿಯಾನೋ ಇವೆ. ಒಂದು ದೊಡ್ಡ ಗ್ರ್ಯಾಂಡ್ ಪಿಯಾನೋ, ಇನ್ನೊಂದು ಶ್ರುತಿ ಸ್ವಲ್ಪ ತಪ್ಪಿದ ಹಳೇದು. ಮಿಲ್ಸ್ ಮತ್ತು ಬೆರ್ರಿ ಎರಡರಲ್ಲೂ ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸಿದ್ದಾರೆ. ಆ ಶ್ರುತಿ ತಪ್ಪಿದ್ದೇ ಹಾಡಿನ ಜೀವ. ಎರಡೂ ಸರಿಯಾಗಿದ್ದಿದ್ದರೆ ಒಂದು ಚೆಂದದ ನಿಧಾನದ ಹಾಡಾಗುತ್ತಿತ್ತು, ಅಷ್ಟೇ. ಈಗ ಹಳೇ ಫೋಟೋ ಮೇಲೆ ಯಾರೋ ಬೆರಳು ಆಡಿಸಿದ ಹಾಗಿದೆ. ಹಾಡನ್ನು ಕಟ್ಟಿದ್ದು ಡ್ರಮ್ಸ್ ಬಾರಿಸುವ ಬೆರ್ರಿ ಅಂತ ತಿಳಿದಾಗ ನನಗೆ ಇನ್ನೂ ಖುಷಿಯಾಯಿತು.

'ವಿ ವಾಕ್' ಹಾಡಿನಲ್ಲಿ ಹಿಂದೆಲ್ಲೋ ಗುಡುಗಿದ ಹಾಗೆ ಕೇಳುತ್ತದೆ. ಅದು ಬೆರ್ರಿ ಬಿಲಿಯರ್ಡ್ಸ್ ಆಡುವಾಗ ಚೆಂಡು ಚೆಂಡು ತಾಕಿದ ಸದ್ದು, ಟೇಪ್ ನಿಧಾನ ಮಾಡಿ ಸೇರಿಸಿದ್ದು. ಹಾಡು ಮಾತ್ರ ಸಾಧಾರಣ, ನನ್ನ ಪಾಲಿಗೆ ಹನ್ನೆರಡರಲ್ಲಿ ಬಿಟ್ಟುಬಿಡಬಹುದಾದ ಹಾಡು ಅದೊಂದೇ. ಗುಡುಗಿಗೋಸ್ಕರ ಬಿಡಲ್ಲ.

ಇನ್ನು ಸ್ಟೈಪ್ ದನಿ. ಅವನು ಹಾಡಿದ್ದು ಸ್ಟುಡಿಯೋದ ಮೆಟ್ಟಿಲ ಹತ್ತಿರದ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಇದನ್ನು ಓದಿದ ಮೇಲೆ ಆಲ್ಬಮ್ ಕೇಳುವ ರೀತಿಯೇ ಬದಲಾಯಿತು. ಅವನು ನಮಗೆ ಏನನ್ನೋ ಹೇಳುತ್ತಿದ್ದಾನೆ, ನಮಗೆ ಕೇಳಿಸುತ್ತಿಲ್ಲ ಅಂತ ಒದ್ದಾಡುತ್ತಿದ್ದೆ. ಅವನಿಗೆ ಹೇಳುವ ಆತುರವೇ ಇಲ್ಲ. ಬಕ್ ತನ್ನ ರಿಕೆನ್‌ಬ್ಯಾಕರ್ ಗಿಟಾರನ್ನು ಝಲ್ಲೆಂದು ಬಾರಿಸುವ ಬದಲು ಒಂದೊಂದೇ ತಂತಿ ಮೀಟುತ್ತಾ ಹೋಗುತ್ತಾನೆ, ಮಿಲ್ಸ್ ಬೇಸ್ ಗಿಟಾರಿನಲ್ಲೇ ರಾಗ ಎಳೆಯುತ್ತಾನೆ, ಅವುಗಳ ನಡುವೆ ಇವನ ದನಿಯೂ ಒಂದು ವಾದ್ಯ. ಆಲಾಪನೆ ಕೇಳುವಾಗ ಅರ್ಥವೇನು ಅಂತ ನಾವು ಯಾರನ್ನಾದರೂ ಕೇಳುತ್ತೇವಾ?

ಕವರ್ ಕೂಡ ಹಾಗೇ ಇದೆ. ಅಮೆರಿಕದ ದಕ್ಷಿಣದಲ್ಲಿ ಕುಡ್ಜು ಅನ್ನುವ ಬಳ್ಳಿ ಇದೆ. ಅದು ಜಪಾನಿನಿಂದ ಬಂದದ್ದು. ಮಣ್ಣು ಕೊಚ್ಚಿಹೋಗದಿರಲಿ ಅಂತ ನೆಟ್ಟರು, ಅದು ಮರ, ಕಂಬ, ಪಾಳುಮನೆ ಏನನ್ನೂ ಬಿಡದೆ ಹಬ್ಬಿತು. ಕವರ್ ತುಂಬ ಆ ಬಳ್ಳಿಯೇ. ಕೆಳಗೆ ಏನಿದೆ ಗೊತ್ತಾಗುವುದಿಲ್ಲ. ತಮಾಷೆ ಏನೆಂದರೆ ಕನ್ನಡದಲ್ಲೂ ಮರ್ಮರ ಅನ್ನುವ ಪದ ಇದೆ, ಎಲೆಗಳ ಸದ್ದಿಗೆ. ಅವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ, ಆದರೂ ಗೊಣಗಾಟಕ್ಕಿಂತ ನನಗೆ ಇದೇ ಸರಿಯಾದ ಅರ್ಥ ಅನ್ನಿಸುತ್ತದೆ. ಹಿಂದಿನ ಕವರ್‌ನಲ್ಲಿ ಅಥೆನ್ಸ್‌ನ ಒಂದು ಹಳೇ ಮರದ ರೈಲು ಸೇತುವೆ. ಅದನ್ನು ಕೆಡವುತ್ತಾರೆ ಅಂದಾಗ ಜನ ಗಲಾಟೆ ಮಾಡಿದರು, ಒಂದು ಕವರ್ ಫೋಟೋಗೋಸ್ಕರ!

ಹಾಗಂತ ಇದು ಭಾರಿ ಮಾರಾಟವಾದ ಆಲ್ಬಮ್ ಅಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯಲ್ಲಿ 36ನೇ ಜಾಗಕ್ಕೆ ನಿಂತಿತು. 'ರೇಡಿಯೋ ಫ್ರೀ ಯುರೋಪ್' ಸಿಂಗಲ್, ಹಾಡುಗಳ ಪಟ್ಟಿಯಲ್ಲಿ 78ಕ್ಕೆ. ಆ ಹಾಡು 1981ರ ಸಿಂಗಲ್‌ನಲ್ಲಿ ಇನ್ನೂ ಜೋರಾಗಿ ಓಡುತ್ತದೆ, ನನಗೆ ಅದೇ ಹೆಚ್ಚು ಇಷ್ಟ, ಈ ಆಲ್ಬಮ್ಮಿನಲ್ಲಿ ಯಾಕೋ ಮರ್ಯಾದಸ್ಥರಾಗಿಬಿಟ್ಟಿದ್ದಾರೆ. ಆದರೆ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು 1983ರ ಎಲ್ಲಕ್ಕಿಂತ ಒಳ್ಳೆಯ ಆಲ್ಬಮ್ ಅಂತ ಆರಿಸಿದ್ದು ಇದನ್ನೇ. ಎದುರಿಗೆ ಇದ್ದದ್ದು ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್'.

ಈಗ ಎಲ್ಲ ಹಾಡಿನ ಸಾಲುಗಳೂ ನೆಟ್‌ನಲ್ಲಿ ಸಿಗುತ್ತವೆ. ಎರಡು ಕಡೆ ನೋಡಿದರೆ ಎರಡು ಥರ. ಒಂದು ಭಾನುವಾರ ನೋಟ್‌ಬುಕ್ ತೆಗೆದು ಚುಕ್ಕೆ ತುಂಬಿಸಲು ಕೂತೆ, ಅರ್ಧ ಪುಟಕ್ಕೇ ಬೇಜಾರಾಯಿತು. 'ಟಾಕ್ ಅಬೌಟ್ ದ ಪ್ಯಾಶನ್' ಹಾಡಿನ ಒಂದು ಸಾಲಿನ ಮುಂದೆ ಮಾತ್ರ ದೊಡ್ಡದಾಗಿ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಎಷ್ಟು ಸಲ ಕೇಳಿದ್ದೆನೋ, ಪೆನ್ಸಿಲ್ ಒತ್ತಿ ಒತ್ತಿ ಕಾಗದವೇ ತೂತಾಗಿತ್ತು. ಹುಡುಕಿ ನೋಡಿದರೆ ಆ ಸಾಲು ಇಂಗ್ಲಿಷೇ ಅಲ್ಲ, ಫ್ರೆಂಚ್. ಎಷ್ಟು ಹೊತ್ತು ಅಂತ ಅದರ ಅರ್ಥ. ಪಕ್ಕದಲ್ಲಿ ಅದನ್ನೊಂದು ಬರೆದು ನೋಟ್‌ಬುಕ್ ಮುಚ್ಚಿಟ್ಟೆ.