66 ಕೋಟಿಯ ಸಂಬಳವನ್ನು ಬಿಡಿಸಿ ನೋಡಿದ ಮಧ್ಯಾಹ್ನ

2024ರಲ್ಲಿ ಇನ್ಫೋಸಿಸ್ ವಾರ್ಷಿಕ ವರದಿ ಬಂದಾಗ ಸುದ್ದಿಯಾದದ್ದು ಒಂದೇ ಅಂಕಿ. ಸಿಇಒ ಸಲೀಲ್ ಪಾರೇಖ್ ಅವರ ಸಂಬಳ 66.25 ಕೋಟಿ ರೂಪಾಯಿ, ಹಿಂದಿನ ವರ್ಷಕ್ಕಿಂತ ಶೇ 17 ಹೆಚ್ಚು. ಡಾಲರ್ ಏರಿಳಿತ ಬಿಟ್ಟು ನೋಡಿದರೆ ಕಂಪನಿಯ ಆದಾಯ ಆ ವರ್ಷ ಬೆಳೆದದ್ದು ಬರೀ ಶೇ 1.4. ಓದಿದವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಮೂರು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಲು ಕೂತರೆ ಸಿಟ್ಟು ಹೋಗಬೇಕಾದ ಜಾಗವೇ ಬೇರೆ.

ಮೊದಲು 66.25 ಕೋಟಿಯನ್ನು ಒಡೆಯಬೇಕು. ಮೂಲ ವೇತನ 7 ಕೋಟಿ, ನಿವೃತ್ತಿ ಸೌಲಭ್ಯ 47 ಲಕ್ಷ, ಬೋನಸ್ 19.75 ಕೋಟಿ. ಉಳಿದ 39.03 ಕೋಟಿ 2,58,636 ಷೇರುಗಳ ಬಾಬ್ತು. ಭಾಗಿಸಿ ನೋಡಿ, ಒಂದಕ್ಕೆ ಸುಮಾರು 1,509 ರೂಪಾಯಿ. ಈ ಷೇರುಗಳನ್ನು ಮಂಜೂರು ಮಾಡಿದ್ದು ಹಿಂದಿನ ವರ್ಷಗಳಲ್ಲಿ. ಕೈಗೆ ತೆಗೆದುಕೊಂಡ ದಿನದ ಮಾರುಕಟ್ಟೆ ಬೆಲೆಯಲ್ಲಿ ಅವು ಈ ವರ್ಷದ ಸಂಬಳವಾಗಿ ದಾಖಲಾಗುತ್ತವೆ. ಹಾಗಾಗಿ ಒಟ್ಟು ಮೊತ್ತವನ್ನು ಇದೇ ವರ್ಷದ ಲಾಭದ ಜೊತೆ ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ.

ಎಷ್ಟು ಸುಳ್ಳು ಎಂದರೆ, 2021-22ರಲ್ಲಿ 71.02 ಕೋಟಿ ಇದ್ದ ಸಂಬಳ ಮರುವರ್ಷ 56.4 ಕೋಟಿಗೆ ಇಳಿಯಿತು. ಆ ವರ್ಷ ಆದಾಯ ಶೇ 15.4 ಬೆಳೆದಿತ್ತು! ಷೇರಿನ ಬಾಬ್ತನ್ನು ಕಳೆದಾಗ ಚಿತ್ರ ತಿರುಗಿಬಿಡುತ್ತದೆ. ಮೂರು ವರ್ಷದ ಮೊತ್ತಗಳು 18.7, ಸುಮಾರು 25.8, 27.2 ಕೋಟಿ. ‘ಇಳಿದ’ ವರ್ಷವೇ ನಿಜಕ್ಕೂ ಜಿಗಿದ ವರ್ಷ. 2022ರ ಜುಲೈನಿಂದ ಪಾರೇಖ್ ಅವರ ಹೊಸ ಸಂಬಳದ ಒಪ್ಪಂದ ಜಾರಿಗೆ ಬಂದಿತ್ತು, ಮಾರ್ಚ್‌ಗೆ ಮುಗಿಯುವ ಆ ಹಣಕಾಸು ವರ್ಷಕ್ಕೆ ಅದರ 9 ತಿಂಗಳು ಸಿಕ್ಕಿತು, ಮರುವರ್ಷಕ್ಕೆ ಪೂರ್ತಿ 12.

ಕೇಳಬೇಕಾದ ಪ್ರಶ್ನೆ ಆಗ ಕಣ್ಣಿಗೆ ಬೀಳುತ್ತದೆ. ಬೆಳವಣಿಗೆ ಶೇ 15.4ರಿಂದ 1.4ಕ್ಕೆ ಕುಸಿದ ವರ್ಷ ಬೋನಸ್ ಹಿಂದಿನ ವರ್ಷದ 18.7ರಿಂದ 19.75 ಕೋಟಿಗೆ ಏರಿದ್ದು ಹೇಗೆ? ಒಪ್ಪಂದದ ಹೆಚ್ಚುವರಿ ಮೂರು ತಿಂಗಳು ಒಂದಿಷ್ಟು ವಿವರಿಸುತ್ತದೆ. ಆದರೆ ಆದಾಯ ಅಷ್ಟು ಸೊರಗಿದಾಗ ಬೋನಸ್ಸೂ ಕಣ್ಣಿಗೆ ಕಾಣುವಷ್ಟು ತಗ್ಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ನಿರ್ದೇಶಕರ ವರದಿಯ ಅನುಬಂಧ ತೆಗೆಯಿರಿ. ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳು ಪ್ರತಿ ನಿರ್ದೇಶಕರ ಸಂಬಳ ಮಧ್ಯಮ ಉದ್ಯೋಗಿಯ, ಅಂದರೆ ಎಲ್ಲರ ಸಂಬಳವನ್ನು ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವವರ, ಸಂಬಳದ ಎಷ್ಟು ಪಟ್ಟು ಎಂದು ಅಲ್ಲಿ ಹೇಳಲೇಬೇಕು. ಷೇರಿನ ಮೊತ್ತ ಸೇರಿಸಿದ್ದಾರೋ ಬಿಟ್ಟಿದ್ದಾರೋ ಎಂದು ಕೆಳಗಿನ ಸಣ್ಣಕ್ಷರದಲ್ಲಿ ನೋಡಿ, ಎಡವುವುದು ಅಲ್ಲೇ. 2017ರಲ್ಲಿ ನಾರಾಯಣ ಮೂರ್ತಿ ಇದೇ ಕಂಪನಿಯ ಸಿಒಒ (ಮುಖ್ಯ ಕಾರ್ಯಾಚರಣಾಧಿಕಾರಿ) ಸಂಬಳದ ಏರಿಕೆಯನ್ನು ಬಹಿರಂಗವಾಗಿ ಪ್ರಶ್ನಿಸಿದಾಗ ಎತ್ತಿದ್ದೂ ಈ ಅಂತರದ ಮಾತೇ: ಮೇಲಿನವರಿಗೆ ಶೇ 60-70 ಏರಿಕೆ, ಉಳಿದವರಿಗೆ ಶೇ 6-8.

ಕಾನೂನಿನ ಮಿತಿ ಸಡಿಲ. ಒಬ್ಬ ಎಂಡಿಗೆ (ವ್ಯವಸ್ಥಾಪಕ ನಿರ್ದೇಶಕರಿಗೆ) ನಿವ್ವಳ ಲಾಭದ ಶೇ 5, ಅದಕ್ಕೂ ಹೆಚ್ಚು ಬೇಕಿದ್ದರೆ ಷೇರುದಾರರ ಮುಕ್ಕಾಲು ಪಾಲು ಮತ ಬೇಕಾಗುವ ವಿಶೇಷ ನಿರ್ಣಯ. ದೊಡ್ಡ ಕಂಪನಿಯಲ್ಲಿ ಶೇ 5 ಎಂದರೆ ನೂರಾರು ಕೋಟಿ, ಆ ಗೋಡೆ ಯಾರಿಗೂ ತಾಗುವುದಿಲ್ಲ. ತಾಗುವುದು ಷೇರುದಾರರ ಮತ. 2021ರ ಆಗಸ್ಟ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಬೈಕ್ ತಯಾರಿಸುವ ಐಷರ್ ಮೋಟಾರ್ಸ್ ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಸಿಗದೆ ಬಿದ್ದುಹೋಯಿತು. ಲಾಭದ ಶೇ 3ರ ಮಿತಿಯನ್ನು 1.5ಕ್ಕೆ ಇಳಿಸಿ ಆಡಳಿತ ಮಂಡಳಿ ಮತ್ತೆ ಷೇರುದಾರರ ಮುಂದೆ ಬಂತು.