ಸವೆದ ಬೆರಳು

ಅಜ್ಜನ ಹೆಬ್ಬೆರಳನ್ನು ಮಷಿನ್ ಮೂರು ಸಲವೂ ಹಿಡಿಯಲಿಲ್ಲ. 2019ರ ನವೆಂಬರ್, ಬೈಲಹೊಂಗಲ. ಪಿಂಚಣಿ ತೆಗೆದುಕೊಳ್ಳುವವರೆಲ್ಲ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಿ ಬರುವ ತಿಂಗಳು. ಧೋತರ, ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಪತ್ರ. ಪ್ರತಿ ಸಲವೂ ಬೆರಳನ್ನು ಧೋತರಕ್ಕೆ ಒರೆಸಿ ಮತ್ತೆ ಒತ್ತುತ್ತಿದ್ದ.

"ಗೆರಿ ಎಲ್ಲಾ ಸವದಾವರಿ ಅಜ್ಜಾರ. ಕಣ್ಣಿಂದು ಮಷಿನ್ ಮಧ್ಯಾಹ್ನ ಬರ್ತೈತಿ, ಊಟಾ ಮಾಡಿ ಬರ್ರಿ" ಎಂದ ಕೌಂಟರಿನ ಹುಡುಗ.

ನನಗೆ ಸಿಟ್ಟು ನೆತ್ತಿಗೇರಿತು. ಹದಿನೇಳು ವರ್ಷ ಸೈನ್ಯದಲ್ಲಿ ದುಡಿದ ಮನುಷ್ಯ ಕಣ್ಣೆದುರಿಗೇ ನಿಂತಿದ್ದಾನೆ, ಇನ್ನೇನು ಪುರಾವೆ ಬೇಕು? ಅಜ್ಜ ಏನೂ ಅನ್ನದೆ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದ.

ಬೇವಿನ ಮರದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ. ಬೆರಳನ್ನೇ ನೋಡುತ್ತ ಅಜ್ಜ, "ಅಗದ ಅಗದ ಹಿಂಗ ಆಗೇತಿ" ಅಂದ. ಹೊಲದ ಮಾತು ಅಂದುಕೊಂಡೆ. ಅಲ್ಲ, ಅವನು ಹೇಳುತ್ತಿದ್ದದ್ದು 1971ರ ಪಾಕಿಸ್ತಾನದ ಲಡಾಯಿಯ ಮಾತು.

ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಇಷ್ಟೇ. 1966ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್ಫಂಟ್ರಿಗೆ ಸೇರಿದ. ರೆಜಿಮೆಂಟಿನ ಹೆಸರು ಮರಾಠಾ ಇದ್ದರೂ ನಮ್ಮ ಕಡೆಯ ಕನ್ನಡದ ಹುಡುಗರೂ ಅದರಲ್ಲಿದ್ದಾರೆ. ಅಜ್ಜನ ಪಾಲಿಗೆ ಬಂದದ್ದು ಒಂದನೇ ಬೆಟಾಲಿಯನ್, 'ಜಂಗಿ ಪಲ್ಟನ್'. ಕಪ್ಪು ಟ್ರಂಕಿನಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ ಮೆಡಲ್ ಇದ್ದವು. ಆಗಸ್ಟ್ 15ಕ್ಕೆ ಸಾಲಿಯವರು ಕರೆದರೆ ಅವನ್ನು ಎದೆಗೆ ಹಾಕಿಕೊಂಡು ಹೋಗಿ, ಎರಡು ಮಾತಾಡಿ, ಪೇಢೆ ತಂದು ನಮಗೆ ಹಂಚುತ್ತಿದ್ದ. ಲಡಾಯಿಯ ಸುದ್ದಿ ಕೇಳಿದರೆ "ಆತು ಬಿಡು, ಆಗಿ ಹೋತು" ಅನ್ನುತ್ತಿದ್ದ.

ಅವತ್ತು ಬೇವಿನ ಕೆಳಗೆ ತಾನಾಗಿ ಹೇಳಿದ. ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಜಮಾಲ್‌ಪುರ. ಅಲ್ಲಿ ಪಾಕಿಸ್ತಾನದ 31ನೇ ಬಲೂಚ್ ಪಡೆ ಭದ್ರವಾಗಿ ಕೂತಿತ್ತು. ಬ್ರಹ್ಮಪುತ್ರ ದಾಟಿ, ಊರನ್ನು ಬಳಸಿ ಹೋಗಿ, ದಕ್ಷಿಣಕ್ಕೆ ಟಾಂಗೈಲ್‌ ಕಡೆಯ ರಸ್ತೆಯನ್ನು ಅಡ್ಡಗಟ್ಟುವ ಕೆಲಸ ಅಜ್ಜನ ಪಲ್ಟನ್ನಿನದು. ಊರಿನ ಜನ ದೋಣಿ ಕೊಟ್ಟರು, ಎತ್ತಿನ ಗಾಡಿ ಹೂಡಿ ಸಾಮಾನು ಸಾಗಿಸಿದರು.

"ಹೋದಕೂಡ್ಲೆ ಮೋರ್ಚಾ ಅಗೀರಿ ಅಂದ್ರು. ನಮ್ಮ ಎರಿ ಮಣ್ಣಿನಂಗ ಅಲ್ಲೋ ತಮ್ಮಾ ಅದು. ಮಂಡಿಮಟ ಅಗದ್ರ ಸಾಕು, ನೀರ ಜಿನಗತಿತ್ತು. ನೀರಾಗ ಕುಂತ್ವಿ." ಮೋರ್ಚಾ ಅಂದರೆ ಸೈನಿಕರು ಅಡಗಿ ಕೂರುವ ಗುಂಡಿ.

1971ರ ಡಿಸೆಂಬರ್ 10ರ ರಾತ್ರಿ. ಶತ್ರುಗಳು ಕತ್ತಲಲ್ಲೇ ತಪ್ಪಿಸಿಕೊಂಡು ಢಾಕಾದ ಕಡೆ ಹೋಗಲು ರಸ್ತೆಗಿಳಿದರು. ಹೆಜ್ಜೆ ಸಪ್ಪಳ ಹತ್ತಿರವಾಗುತ್ತ ಬಂದರೂ ಗುಂಡು ಹಾರಿಸಬೇಡಿ ಅಂತ ಹುಕುಂ ಇತ್ತಂತೆ. ಯಾರೋ ಕೆಮ್ಮಿದ್ದು ಕೇಳಿಸುವಷ್ಟು ಹತ್ತಿರ ಬಂದ ಮೇಲೆ ಹಾರಿಸಿದರು. ಆಮೇಲಿನದನ್ನು ಅಜ್ಜ ಹೇಳಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತ. ನಾನೂ ಕೇಳಲಿಲ್ಲ.

"ಮುಂಜಾನೆ ಮತ್ತ ಅಗದ್ವಿ" ಅಂದ ಸ್ವಲ್ಪ ಹೊತ್ತಿಗೆ. "ಅವರಿಗೆ. ಎಲ್ಲಾ ನನ್ನ ವಾರಿಗಿ ಹುಡುಗ್ರು. ಒಬ್ಬನ ಕಿಸೇದಾಗ ಬಾಚಣಿಗಿ ಇತ್ತು, ಅದನ್ನ ಅವನ ಜೋಡಿನ ಇಟ್ಟೆ. ನರಿ ಕೆದರಬಾರದಂತ ಗೇಣುದ್ದ ಹೆಚ್ಚಿಗಿನ ಅಗದ್ವಿ."

ಆಮೇಲೆ ನಾನು ಆ ಕಾಳಗದ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಶರಣಾಗಿರಿ ಎಂದು ನಮ್ಮ ಕಡೆಯ ಬ್ರಿಗೇಡಿಯರ್ ಎಚ್.ಎಸ್. ಕ್ಲೇರ್ ಬರೆದ ಪತ್ರಕ್ಕೆ ಬಲೂಚ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಕಾಗದದಲ್ಲಿ ಗುಂಡೊಂದನ್ನು ಸುತ್ತಿ ಉತ್ತರ ಕಳಿಸಿದ ಕಥೆ ಎಲ್ಲರಿಗೂ ಪ್ರಿಯ. ಅಜ್ಜನ ಪಲ್ಟನ್ನಿನ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್. 11ರ ಬೆಳಗ್ಗೆ ಜಮಾಲ್‌ಪುರ ಕೈಗೆ ಬಂತು, ಅವತ್ತೇ ಟಾಂಗೈಲ್ ಬಳಿ ನಮ್ಮ ಪ್ಯಾರಾಟ್ರೂಪರುಗಳು ಇಳಿದರು, 16ಕ್ಕೆ ಢಾಕಾದಲ್ಲಿ ಶರಣಾಗತಿ. ಎಲ್ಲವೂ ಅಲ್ಲಿದೆ. ನೀರು ಜಿನುಗುವ ಮೋರ್ಚಾ ಇಲ್ಲ, ಬಾಚಣಿಗೆ ಇಲ್ಲ. ಅವನ್ನು ಬರೆದಿಡಲು ನಾನಲ್ಲದೆ ಬೇರೆ ಯಾರಿದ್ದಾರೆ ಅನ್ನಿಸಿಯೇ ಇದನ್ನು ಬರೆಯುತ್ತಿದ್ದೇನೆ.

ಮೂರು ಗಂಟೆಗೆ ಕಣ್ಣಿನ ಮಷಿನ್ ಬಂತು. "ರೆಪ್ಪಿ ಬಡೀಬ್ಯಾಡ್ರಿ ಅಜ್ಜಾರ" ಎಂದ ಹುಡುಗ. ಅಜ್ಜ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ರೆಪ್ಪೆ ಬಡಿಯದೆ ಕೂತ. ಒಂದೇ ಸಲಕ್ಕೆ ಆಯಿತು.

2022ರ ಮಾರ್ಚಿನಲ್ಲಿ ಅಜ್ಜ ಹೋದ. ನಮ್ಮಲ್ಲಿ ಮಣ್ಣು ಮಾಡುವುದೇ ರೂಢಿ. ಜೋಳ ಕಿತ್ತು ಬೋಳಾಗಿದ್ದ ನಮ್ಮ ಹೊಲದಲ್ಲೇ ಜಾಗ ಮಾಡಿದೆವು. ಎರಿ ಬಿರುಕು ಬಿಟ್ಟು ಕಲ್ಲಾಗಿತ್ತು, ಗುದ್ದಲಿ ಪುಟಿಯುತ್ತಿತ್ತು. ಕುಣಿ ತೋಡುವವರ ಜೊತೆ ನಾನೂ ಇಳಿದೆ. ಅರ್ಧ ತಾಸಿಗೆ ಅಂಗೈಯಲ್ಲಿ ಗುಳ್ಳೆ ಎದ್ದವು.

"ಸಾಕೋ ತಮ್ಮಾ, ಆಳ ಆತು, ಮ್ಯಾಲ ಬಾ" ಎಂದರು ಹಿರಿಯರು.

ಇನ್ನೊಂದು ಗೇಣು ಅಗೆದು ಮೇಲೆ ಬಂದೆ.